ದೋಣಿಯವನು ಆಡದ ಮಾತು

ಜೂನ್ ೩

ತಂಗೀ,

ಘಂಟೆ ಬಾರಿಸು, ಪರದೆ ಎಳೆ, ನಿನ್ನ ಅಣ್ಣನಿಗೆ ಕೆಲಸ ಸಿಕ್ಕಿದೆ! ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಮಾಡಿದಾಗೆಲ್ಲ ನೀನು ಅದನ್ನು ಹೊಲಿಗೆ ಮೆಷಿನ್ನಿನ ಆ ತುದಿಗಿಟ್ಟು ಈ ತುದಿಯಲ್ಲಿ ಕೂತು ಕೇಳುತ್ತೀಯ ಅಂತ ನನಗೆ ಗೊತ್ತು. ಕಾಗದವಾದರೆ ಎಷ್ಟು ಕೂಗಿದರೂ ಹರಿಯುವುದಿಲ್ಲ.

ನಾಟಕ ಕಂಪನಿ ಮುಚ್ಚಿ, ಕಿರೀಟ ಕತ್ತಿಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆ ಈ ಕಂಠಕ್ಕೆ ತುಕ್ಕು ಹಿಡಿಯುತ್ತಿತ್ತು. ಈಗ ಒಂದು ಡಬ್ಬಿಂಗ್ ಸ್ಟುಡಿಯೋದವರು ಕರೆದಿದ್ದಾರೆ. ಕೊರಿಯಾ ದೇಶದ ಪ್ರೇಮದ ಧಾರಾವಾಹಿ. ನಮ್ಮ ಭಾಷೆಯಲ್ಲಿ ಹೆಸರು "ಅಕ್ಕಪಕ್ಕದ ಕುರ್ಚಿ". ಕಥೆ ಕೇಳು. ಪಿಯಾನೋ ಶ್ರುತಿ ಮಾಡುವವನೊಬ್ಬ. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದು ಕೊಡುವವಳೊಬ್ಬಳು. ಇಬ್ಬರೂ ಕಾಯುವ ಕೋಣೆಯಲ್ಲಿ ಅಕ್ಕಪಕ್ಕ ಕೂರುತ್ತಾರೆ. ಮುಗಿಯಿತು! ಅದೇ ಕಥೆ! ಮೊದಲ ಕಂತಿನಲ್ಲಿ ಅವನು ಅವಳನ್ನು ನೋಡಿದ. ಎರಡನೆಯದರಲ್ಲಿ ಅವಳು ಅವನನ್ನು ನೋಡಿದಳು. ಮೂರನೆಯದರಲ್ಲಿ ಇಬ್ಬರೂ ಸೇರಿ ಕಿಟಕಿ ನೋಡಿದರು. ನಮ್ಮ ಕಂಪನಿಯಲ್ಲಾಗಿದ್ದರೆ ಅಷ್ಟರಲ್ಲಿ ಮದುವೆ, ಯುದ್ಧ, ಶಾಪ, ಒಂದು ಪುನರ್ಜನ್ಮ ಎಲ್ಲ ಆಗಿ, ಒನ್ಸ್ ಮೋರ್ ಕೂಡ ಆಗಿರುತ್ತಿತ್ತು.

ನಾನು ಆ ಹುಡುಗಿಯ ಅಪ್ಪ. ದೋಣಿ ನಡೆಸುವವನು. ಮಹಾ ಮೌನಿ. ಬಾಯಿ ಬಿಟ್ಟರೆ ಎರಡು ಪದ. ಗಾಜಿನ ಆಚೆ ಕೂತ ರೆಕಾರ್ಡಿಸ್ಟ್, "ಸಣ್ಣಗೆ ಸಾರ್, ಇನ್ನೂ ಸಣ್ಣಗೆ" ಅಂತ ಅಂಗೈ ಕೆಳಗೆ ಒತ್ತುತ್ತಲೇ ಇರುತ್ತಾನೆ, ಉಕ್ಕುವ ಹಾಲನ್ನು ಸಮಾಧಾನ ಮಾಡುವವನ ಹಾಗೆ.

ಇರಲಿ. ಕಡ್ಡಿ ಬರೆದದ್ದು ಓದಿದೆಯಾ? ವಾರಪತ್ರಿಕೆಯ ಕೊನೆಯ ಪುಟದಲ್ಲಿ ನನ್ನ ಮಗಳು ಇಡೀ ಧಾರಾವಾಹಿಯನ್ನು ತನ್ನ ಅಡ್ಡಹೆಸರಿಗೆ ತಕ್ಕಂತೆ ಮುರಿದಿಟ್ಟಿದ್ದಾಳೆ: "ಇದರಲ್ಲಿ ಅತ್ಯಂತ ಚುರುಕಾದ ಪಾತ್ರವೆಂದರೆ ಗೋಡೆ ಗಡಿಯಾರ." ನಕ್ಕೆ. ಆಮೇಲೆ ನನ್ನ ಕೊನೆಯ ನಾಟಕಕ್ಕೆ ಅವಳೇ ಬರೆದದ್ದು ನೆನಪಾಯಿತು: "ಇವರು ಪಾತ್ರದ ಒಳಗೆ ಹೋಗುವುದಿಲ್ಲ, ಹೊರಗೆ ನಿಂತು ಕೂಗಾಡುತ್ತಾರೆ." ನಗು ನಿಂತಿತು. ಅದು ಅಚ್ಚಾದ ದಿನವೇ ತಾನೆ ಅವಳು ಸೂಟ್‌ಕೇಸ್ ಹಿಡಿದು ಮನೆಯಿಂದ ಹೊರಟದ್ದು. ಆವತ್ತಿನಿಂದ ಅವಳೂ ಮಾತಾಡಿಲ್ಲ, ನಾನೂ ಮಾತಾಡಿಲ್ಲ.

ಡಬ್ಬಿಂಗ್ ಮಾಡಿದವರ ಹೆಸರು ಪರದೆಯ ಮೇಲೆ ಬರುವುದಿಲ್ಲ. ಒಳ್ಳೆಯದೇ ಆಯಿತು. ಆದರೆ ಪ್ರತಿ ಶನಿವಾರ ಅವಳು ನನ್ನ ದನಿ ಕೇಳುತ್ತಾಳಲ್ಲ, ಗುರುತು ಹಿಡಿಯುತ್ತಾಳಾ? ಅದೊಂದು ಕುತೂಹಲ ನನ್ನನ್ನು ಕೂರಲು ಬಿಡುತ್ತಿಲ್ಲ.

ಸದ್ಯಕ್ಕೆ ದೋಣಿಯವನಾಗಿರುವ,
ನಿನ್ನ ಅಣ್ಣ ಗುಡುಗು


ಜೂನ್ ೨೧

ಅಣ್ಣಾ,

ನಿನ್ನ ಕಾಗದ ತಂದ ಪೋಸ್ಟ್‌ಮ್ಯಾನ್ ಕಿವಿ ಉಜ್ಜಿಕೊಳ್ಳುತ್ತಿದ್ದ. ಲಕೋಟೆ ಒಳಗಿಂದಲೇ ಕೇಳಿಸಿರಬೇಕು.

ಅಂಗಡಿಯ ಟಿವಿಯಲ್ಲಿ ನಿನ್ನ ಧಾರಾವಾಹಿಯನ್ನೇ ಹಾಕುತ್ತೇನೆ. ಅದು ಶುರುವಾದ ಮೇಲೆ ನನ್ನ ಹೊಲಿಗೆ ಚುರುಕಾಗಿದೆ. ಇಡೀ ಲಂಗದ ಅಂಚು ಮುಗಿಸಿ ತಲೆ ಎತ್ತಿದರೂ ಅವರಿಬ್ಬರೂ ಅಲ್ಲೇ ಕೂತಿರುತ್ತಾರೆ. ಆದರೆ ವಿಚಿತ್ರ ನೋಡು, ಗಿರಾಕಿಗಳು ಬಟ್ಟೆ ಇಸಿದುಕೊಂಡ ಮೇಲೂ ಎದ್ದು ಹೋಗುವುದಿಲ್ಲ. ಮೊನ್ನೆ ಗುಂಡಿ ಹಾಕಿಸಲು ಬಂದ ನರ್ಸು ನನ್ನ ತೋಳು ಹಿಡಿದು, "ಅವಳ ಕೊಡೆ ಮುಟ್ಟಿದ ಕಣ್ರೀ! ಮುಟ್ಟೇಬಿಟ್ಟ!" ಅಂತ ಕೆಂಪಗಾದಳು. ಕೊಡೆ ಅಣ್ಣಾ, ಕೊಡೆ! ಅದರಲ್ಲೇನಿದೆ ಅಂತ ನನಗೂ ಗೊತ್ತಾಗಲಿಲ್ಲ. ಆದರೆ ನನಗೂ ಸೂಜಿ ಚುಚ್ಚಿತು.

ಹಿಂದಿನ ಶನಿವಾರ ಆ ಹುಡುಗಿ ಊರು ಬಿಟ್ಟು ಹೊರಡುವ ದೃಶ್ಯ ಬಂತು. ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಳೆ. ದೋಣಿಯವನು ನಮಗೆ ಬೆನ್ನು ಹಾಕಿ ಕೂತು ಹಗ್ಗ ಸರಿಮಾಡುತ್ತಿದ್ದಾನೆ. ಆಗ ಒಂದು ದನಿ: "ಹೊರಡು ಮಗಳೇ. ಬಾಗಿಲು ಹಾಕ್ಬೇಡ, ತೆರೆದೇ ಇರ್ಲಿ." ನಾನು ಕತ್ತರಿ ಕೆಳಗಿಟ್ಟೆ. ಅದು ನೀನಾ? ನಿಜವಾಗಿ ನೀನಾ?

ಕಡ್ಡಿಯ ಹೊಸ ಬರಹ ಕತ್ತರಿಸಿ ಕಳಿಸಿದ್ದೇನೆ. ಕೂತುಕೊಂಡು ಓದು. "ಈ ಧಾರಾವಾಹಿಯ ಬಗ್ಗೆ ನಾನು ಅವಸರಪಟ್ಟೆ. ಇದು ಇಷ್ಟು ದಿನ ನಮ್ಮನ್ನು ಸುಮ್ಮನೆ ಕೂರಿಸಿದ್ದು ದೋಣಿಯವನ ಈ ಒಂದು ಮಾತು ಕೇಳಿಸಲಿಕ್ಕೆ. ಒಬ್ಬ ತಂದೆ ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ." ಗುರುತು ಹಿಡಿದಿಲ್ಲ ಅಣ್ಣಾ. ಹೇಗೆ ಹಿಡಿದಾಳು? ಹುಟ್ಟಿದಾಗಿನಿಂದ ಒಮ್ಮೆಯಾದರೂ ನಿನ್ನ ಮೆಲುದನಿ ಅವಳ ಕಿವಿಗೆ ಬಿದ್ದಿದ್ದರೆ ತಾನೆ!

ಕತ್ತರಿ ಮತ್ತೆ ಕೈಗೆತ್ತಿಕೊಳ್ಳುತ್ತಾ,
ತಂಗಿ


ಜೂನ್ ೨೫

ತಂಗೀ,

ಓದಿದೆ. ಒಮ್ಮೆ ಕೂತು, ಒಮ್ಮೆ ನಿಂತು, ಒಮ್ಮೆ ಕನ್ನಡಿಯ ಎದುರು. ಆಮೇಲೆ ಅದನ್ನು ಮಡಚಿ ದಿಂಬಿನ ಕೆಳಗೆ ಬಚ್ಚಿಟ್ಟೆ. ಯಾಕೆ ಗೊತ್ತಾ? ಆ ಮಾತು ಸ್ಕ್ರಿಪ್ಟಿನಲ್ಲೇ ಇಲ್ಲ!

ಆ ದೃಶ್ಯದಲ್ಲಿ ನನಗೆ ಕೆಲಸವೇ ಇರಲಿಲ್ಲ. ಮುಂದಿನದಕ್ಕೆ ಕಾಯುತ್ತಾ ಮೈಕಿನ ಮುಂದೆ ನಿಂತಿದ್ದೆ. ನಿರ್ದೇಶಕ ಚಹಾಕ್ಕೆ ಹೋಗಿದ್ದ. ಪರದೆಯ ಮೇಲೆ ಮಗಳು ನಿಂತಿದ್ದಾಳೆ. ಮುದುಕ ಕೂತಿದ್ದಾನೆ. ಅವಳು ನಿಂತೇ ಇದ್ದಾಳೆ. ಇವನು ಕೂತೇ ಇದ್ದಾನೆ. ನನಗೆ ಬೆವರು! ಅಯ್ಯೋ ಪಾಪ, ಮಾತು ಮರೆತುಬಿಟ್ಟನಲ್ಲ ಮುದುಕ, ಇಡೀ ಸಭೆ ನೋಡುತ್ತಿದೆಯಲ್ಲ ಅನ್ನಿಸಿಬಿಟ್ಟಿತು. ನಮ್ಮ ಕಂಪನಿಯ ಕಟ್ಟಳೆ ನಿನಗೆ ಗೊತ್ತು. ರಂಗದ ಮೇಲೆ ಒಬ್ಬ ಮಾತು ಮರೆತು ನಿಂತರೆ ಪಕ್ಕದವನು ಅವನ ಪರವಾಗಿ ಒಂದು ಮಾತು ಎತ್ತಿ ಕೊಡಬೇಕು. ಸುಮ್ಮನೆ ನಿಂತು ಮೋಜು ನೋಡಿದವನ ಮುಖವನ್ನು ಆಮೇಲೆ ಯಾರೂ ನೋಡುತ್ತಿರಲಿಲ್ಲ. ಎತ್ತಿ ಕೊಟ್ಟೆ! ತಾನಾಗಿ ಬಂತು. ಹಾಗೆ ಕೊಡುವಾಗ ಸಭೆಗೆ ಗೊತ್ತಾಗಬಾರದಲ್ಲ, ಅದಕ್ಕೇ ಮೆಲ್ಲಗೆ.

"ಸಾರ್, ಇದು ಪೇಪರಲ್ಲಿ ಇದ್ಯಾ?" ಅಂದ ರೆಕಾರ್ಡಿಸ್ಟ್.

"ಇಲ್ದೆ ಏನಪ್ಪಾ, ನಾನೇನು ಆಕಾಶದಿಂದ ಇಳಿಸ್ತೀನಾ?" ಅಂದೆ.

ಅವನು ಹಾಗೇ ಇಟ್ಟುಕೊಂಡ. ನಿರ್ದೇಶಕ ಬಂದು, "ಆಯ್ತಾ? ನೆಕ್ಸ್ಟ್" ಅಂದ. ಅಷ್ಟೇ.

ಈಗ ನೋಡು, ಕಡ್ಡಿ ಹೊಗಳಿರುವುದು ಇಲ್ಲದ ಮಾತನ್ನು. ಆಡಿದವನು ನಾನು ಅಂತ ತಿಳಿದರೆ, ಬೇಕೆಂದೇ ತನ್ನ ಪುಟ ಕೆಡಿಸಿದ ಅಂದುಕೊಳ್ಳುತ್ತಾಳೆ. ಮಾತು ನಿಂತಿರುವುದು ಸಾಲದೆ ಅದರ ಮೇಲೆ ಬೀಗವೂ ಬೀಳುತ್ತದೆ. ಏನು ಮಾಡಲಿ?

ಬೆವರು ಒರೆಸಿಕೊಳ್ಳುತ್ತಿರುವ,
ಅಣ್ಣ


ಜುಲೈ ೨

ದೋಣಿಯವನಿಗೆ ದನಿ ಕೊಟ್ಟ ಮಾನ್ಯರಿಗೆ,

ನಿಮ್ಮ ಹೆಸರು ಹೇಳಲು ಸ್ಟುಡಿಯೋದವರು ಒಪ್ಪಲಿಲ್ಲ. ಪತ್ರ ಕೊಟ್ಟರೆ ತಲುಪಿಸುತ್ತೇವೆ ಎಂದರು.

ನಾನು ವಾರಪತ್ರಿಕೆಯೊಂದರಲ್ಲಿ ಟೆಲಿವಿಷನ್ ವಿಮರ್ಶೆ ಬರೆಯುವವಳು. ಮಗಳು ಹೊರಡುವ ದೃಶ್ಯದಲ್ಲಿ ನೀವಾಡಿದ ಮಾತನ್ನು ಮೆಚ್ಚಿ ಬರೆದೆ. ಕೊರಿಯಾದ ಮೂಲವನ್ನಷ್ಟೇ ನೋಡಿದ್ದ ಇನ್ನೊಂದು ಪತ್ರಿಕೆಯ ವಿಮರ್ಶಕರು ಈಗ ಹೀಗೆ ಬರೆದಿದ್ದಾರೆ: "ಆ ದೃಶ್ಯದಲ್ಲಿ ಮಾತೇ ಇಲ್ಲ. ಮೌನದಲ್ಲಿ ಮಾತು ಕೇಳಿಸಿಕೊಂಡ ನಮ್ಮ ಗೆಳತಿ ಕಿವಿಯ ವೈದ್ಯರನ್ನು ಕಾಣುವುದು ಒಳ್ಳೆಯದು." ಆವತ್ತಿನಿಂದ ಕಚೇರಿಯಲ್ಲಿ ಫೋನು ರಿಂಗಾದರೆ, "ಮೇಡಂ, ನಿಜವಾಗ್ಲೂ ಹೊಡ್ಕೊಳ್ತಿದ್ಯಾ, ಇಲ್ಲಾ ನಿಮಗೊಬ್ಬರಿಗೇ ಕೇಳಿಸ್ತಿದ್ಯಾ?" ಎನ್ನುತ್ತಾರೆ ಪುಟ ಜೋಡಿಸುವವರು. ಸಂಪಾದಕರು ನಗುವುದಿಲ್ಲ. ಮೂಲದಲ್ಲಿಲ್ಲದ ಮಾತು ಇಲ್ಲಿ ಹೇಗೆ ಬಂತೆಂದು ಅವರಿಗೆ ವಿವರಣೆ ಬೇಕು. ಕೊಡದಿದ್ದರೆ ನನ್ನ ಪುಟ ತೋಟಗಾರಿಕೆ ಬರೆಯುವವರಿಗೆ ಹೋಗುತ್ತದೆ.

ಹಾಗಾಗಿ ಮೊದಲ ಪ್ರಶ್ನೆ: ಆ ಮಾತು ನಿಮಗೆ ಕೊಟ್ಟ ಸ್ಕ್ರಿಪ್ಟಿನಲ್ಲಿ ಇತ್ತೆ?

ಎರಡನೆಯದು ಪತ್ರಿಕೆಗಲ್ಲ, ನನಗೆ. ಅಷ್ಟು ತಗ್ಗಿದ ದನಿಯನ್ನು ಎಲ್ಲಿಂದ ತಂದಿರಿ? ನನಗೆ ಗೊತ್ತಿರುವ ನಟರೊಬ್ಬರಿಂದ ಅದು ಆಗದ ಕೆಲಸ. ಅದಕ್ಕೇ ತಿಳಿಯುವ ಆಸೆ.

ಉತ್ತರಕ್ಕೆ ಕಾಯುವ,
ಕೊನೆಯ ಪುಟದ ವಿಮರ್ಶಕಿ


ಜುಲೈ ೬

ವಿಮರ್ಶಕಿಯವರ ಸನ್ನಿಧಿಗೆ,

ಆಹಾ! ತಮ್ಮ ಓಲೆ ಕೈಸೇರಿತು! ನಾನು ಯಾರೆಂಬುದು ಹಾಗಿರಲಿ. ಹೆಸರಿಲ್ಲದ ಒಂದು ಬಡ ಕಂಠವೆಂದು ತಿಳಿಯುವುದು.

ಮೊದಲ ಪ್ರಶ್ನೆಗೆ ಉತ್ತರ: ಇರಲಿಲ್ಲ! ಇರಲಿಲ್ಲ! ಇರಲಿಲ್ಲ! ತಪ್ಪು ಈ ಕಂಠದ್ದು, ತಮ್ಮ ಕಿವಿಯದಲ್ಲ. ಪರದೆಯ ಮುದುಕ ಮಾತು ಮರೆತನೆಂದು ಭ್ರಮಿಸಿ ಅವನನ್ನು ಕಾಪಾಡಲು ಹೊರಟೆ. ತಮ್ಮ ಕಿವಿಯನ್ನು ಹಂಗಿಸಿದ ಆ ಪರಪತ್ರಿಕೆಯ ಮಹಾಶಯ ಎಲ್ಲಾದರೂ ಎದುರಾದರೆ... ಇರಲಿ, ಇರಲಿ.

ಎರಡನೆಯದು. ಆ ದನಿ ಎಲ್ಲಿಂದ ಬಂತೆಂದು ನನಗೂ ತಿಳಿಯದು. ಮರುದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಎಷ್ಟು ಹುಡುಕಿದರೂ ಸಿಗಲಿಲ್ಲ. ತಾವು ಹೇಳಿದ ಆ ನಟರು ಯಾರೋ ಏನೋ. ಕೂಗುತ್ತಿದ್ದರೆ, ಪಾಪ, ಕಟ್ಟಕಡೆಯ ಸಾಲಿನಲ್ಲಿ ಕೂತವರ ಮೇಲಿನ ಪ್ರೀತಿಗೇ ಕೂಗಿರಬೇಕು. ಮೊದಲ ಸಾಲಿನಲ್ಲಿ ಯಾರು ಕೂತಿದ್ದರೆಂದು ನೋಡಿರಲಿಕ್ಕಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡುವುದು. ವಿಮರ್ಶಕರಾದವರು ಅಷ್ಟೊಂದು ಸಣಕಲಾಗಿರಬಾರದು.

ತಮ್ಮ ವಿಧೇಯ,
ಒಂದು ಕಂಠ


ಜುಲೈ ೧೨

ಅಪ್ಪ,

ಒಂದು "ಇರಲಿಲ್ಲ" ಸಾಕಿತ್ತು. ಮೂರು ಸಲ ಬರೆಯುವವನು ಈ ಭೂಮಿಯ ಮೇಲೆ ಒಬ್ಬನೇ. ಟಿವಿಯಲ್ಲಿ ನಿನ್ನ ದನಿ ಕೇಳಿ ಗುರುತು ಸಿಗಲಿಲ್ಲ. ಕಾಗದ ಬಿಚ್ಚಿದ ಕೂಡಲೇ ಕಿವಿ ಗುಂಯ್ ಅಂದಿತು. ಅತ್ತೆಗೆ ಫೋನು ಮಾಡಿದೆ. "ನಂಗೇನೂ ಗೊತ್ತಿಲ್ಲಮ್ಮ, ನಿನ್ನ ಅಪ್ಪನ್ನೇ ಕೇಳು" ಅಂದರು. ಅಂದರೆ ಎಲ್ಲ ಗೊತ್ತು.

ಕೋಪ ಬರಬೇಕಿತ್ತು. ಬರಲಿಲ್ಲ. ಯಾಕೆ ಅಂತ ನೋಡಲು ಮೂಲ ಧಾರಾವಾಹಿಯನ್ನು ತರಿಸಿಕೊಂಡು ಆ ದೃಶ್ಯ ಹಾಕಿದೆ. ಅಪ್ಪ, ಆ ಮುದುಕ ಮಾತು ಮರೆತಿಲ್ಲ. ಅವನ ಕೈ ನೋಡು. ಬೆನ್ನಿನ ಪಕ್ಕದಿಂದ ಬಲಗೈ ಕಾಣಿಸುತ್ತದೆ. ಹಗ್ಗಕ್ಕೆ ಗಂಟು ಹಾಕುತ್ತಾನೆ, ಬಿಚ್ಚುತ್ತಾನೆ, ಮತ್ತೆ ಅದೇ ಗಂಟು ಹಾಕುತ್ತಾನೆ. ಗಂಟು ಮುಗಿದರೆ ತಿರುಗಿ ಅವಳನ್ನು ಕಳಿಸಿಕೊಡಬೇಕಲ್ಲ, ಅದಕ್ಕೇ ತಡ ಮಾಡುತ್ತಿದ್ದಾನೆ. ಮಗಳು ಅದನ್ನೇ ನೋಡುತ್ತಾ ನಿಂತಿದ್ದಾಳೆ. ನಿನ್ನ ಮಾತು ಕಿವಿಗೆ ಬಿದ್ದಾಗ ನಾನು ಕೈ ನೋಡುವುದನ್ನೇ ಬಿಟ್ಟಿದ್ದೆ. ಮಾತು ಚೆನ್ನಾಗಿತ್ತು. ಆದರೆ ಆ ಜಾಗಕ್ಕೆ ಅದು ಬೇಡವಾಗಿತ್ತು. ಇಡೀ ಧಾರಾವಾಹಿಯನ್ನು ನಾನು ಹೀಗೇ ನೋಡಿದ್ದೆ ಅನ್ನಿಸುತ್ತದೆ, ಯಾರಾದರೂ ಏನಾದರೂ ಹೇಳಲಿ ಅಂತ ಕಾಯುತ್ತಾ. ಈಗ ಮೊದಲಿನಿಂದ ನೋಡುತ್ತಿದ್ದೇನೆ. ಆ ಕೊಡೆಯ ದೃಶ್ಯ ನೀನು ನೋಡಿದೆಯಾ?

ಮನೆ ಬಿಟ್ಟ ದಿನ ನೀನು ಏನಂದೆ ಅನ್ನುವುದು ನನಗೆ ನೆನಪಿದೆ. ಇಡೀ ಬೀದಿಗೆ ನೆನಪಿರಬೇಕು. ಅದರ ಮಾತು ಈಗ ಬೇಡ.

ಈಗಿನದು ಇದು. ವಿವರಣೆ ಬರೆಯಲೇಬೇಕು. ದನಿ ಕೊಟ್ಟವರು ಸ್ವಂತ ಮಾತು ಸೇರಿಸಿದ್ದರು ಅಂತ ಅಚ್ಚಾದರೆ ಸ್ಟುಡಿಯೋ ನಿನ್ನನ್ನು ಇಟ್ಟುಕೊಳ್ಳುವುದಿಲ್ಲ. ಬರೆಯದಿದ್ದರೆ ನನ್ನ ಪುಟ ಇಲ್ಲ. ಹೋದ ಸಲ ನಿನ್ನ ಬಗ್ಗೆ ಬರೆಯುವಾಗ ಕೇಳಲಿಲ್ಲ. ವಿಮರ್ಶಕರು ಕೇಳಬಾರದು ಕೂಡ. ಆದರೂ ಕೇಳುತ್ತಿದ್ದೇನೆ. ಏನು ಮಾಡಲಿ?

ಮಗಳು


ಜುಲೈ ೧೬

ಮಗಳೇ,

ಬರೆ.

ಮಾರುದ್ದ ಸಂಭಾಷಣೆ ತಯಾರು ಮಾಡಿದ್ದೆ, ಎರಡು ಹಾಳೆ ತುಂಬಿತ್ತು. ಹರಿದು ಹಾಕಿದೆ. ನನ್ನದು ಅಂತ ನೋಡಬೇಡ. ಒಂದು ಪದವನ್ನೂ ಮೆತ್ತಗೆ ಮಾಡಬೇಡ.

ಸ್ಟುಡಿಯೋಗೆ ಹೋಗಿ ರೆಕಾರ್ಡಿಸ್ಟ್‌ನನ್ನು ಕಾಡಿ ಬೇಡಿ ಮೂಲ ಹಾಕಿಸಿಕೊಂಡೆ. ಆ ಕೈ ನಿಜ. ಎಂಥಾ ನಟನಪ್ಪಾ ಅವನು! ಬೆನ್ನು ಹಾಕಿ ಕೂತು ಬೆರಳಿನಲ್ಲಿ ಆಡುತ್ತಾನೆ! ನಾನು ಅವನನ್ನು ಕಾಪಾಡಲು ಹೋದೆನಲ್ಲ, ನನ್ನ ಹುಚ್ಚಿಗಿಷ್ಟು! ನನಗೊಂದು ಸಂಶಯ. ಎರಡನೆಯ ಸಲ ಗಂಟು ಬಿಚ್ಚುವಾಗ ಅವನ ಕಿರುಬೆರಳು ನಡುಗಿತಲ್ಲ, ಅದು ಅಭಿನಯವಾ, ಇಲ್ಲಾ ಅವನಿಗೂ ಮಗಳಿದ್ದಾಳಾ? ರೆಕಾರ್ಡಿಸ್ಟ್‌ಗೆ ಗೊತ್ತಿಲ್ಲ. ನಿನಗೇನನ್ನಿಸುತ್ತದೆ?

ಕೊಡೆಯ ದೃಶ್ಯ ಇನ್ನೂ ಅರ್ಥವಾಗಿಲ್ಲ. ಪ್ರಯತ್ನದಲ್ಲಿದ್ದೇನೆ.

ಹಾಳೆ ಹರಿದು ಹಗುರಾಗಿರುವ,
ಅಪ್ಪ


ಆಗಸ್ಟ್ ೪

ಅಣ್ಣಾ,

ಬದುಕಿದ್ದೀಯಾ? ಇಷ್ಟು ದಿನ ನಿನ್ನಿಂದ ಸದ್ದಿಲ್ಲ ಅಂದರೆ ನನಗೆ ಹೆದರಿಕೆಯಾಗುತ್ತದೆ.

ಅವಳು ಬರೆದದ್ದು ಬಂತು. ಅಂಗಡಿಯಲ್ಲಿ ಗಟ್ಟಿಯಾಗಿ ಓದಿಸಿದೆ. "ನಾನು ಮೆಚ್ಚಿದ ಮಾತು ಈ ಧಾರಾವಾಹಿಯದಲ್ಲ. ಅದನ್ನು ಸೇರಿಸಿದವರು ದನಿ ಕೊಟ್ಟ ನಟರು. ನಟರು ನನ್ನ ತಂದೆ. ಅವರ ಮಾತು ಆ ದೃಶ್ಯವನ್ನು ಕೆಡಿಸಿತು. ಅದನ್ನು ಹೊಗಳಿ ನಾನೂ ಕೆಡಿಸಿದೆ. ದೋಣಿಯವನಿಗೆ ನಮ್ಮಿಬ್ಬರ ಸಹಾಯವೂ ಬೇಕಿರಲಿಲ್ಲ." ಅಷ್ಟೇ. ತನ್ನ ಅಪ್ಪ ಅಂತ ಯಾಕೆ ಬರೆದಳೋ, ಅವಳನ್ನು ಯಾರೂ ಕೇಳಿರಲಿಲ್ಲ. ಆ ನರ್ಸು ಮಾತ್ರ, "ಕೆಡಿಸಿದ್ರೆ ಕೆಡಿಸ್ಲಿ ಬಿಡ್ರೀ, ನಂಗೆ ಆ ಮಾತೇ ಬೇಕು" ಅಂತ ಜಗಳಕ್ಕೆ ನಿಂತಳು.

ಅವಳ ಪುಟ ಉಳಿದಿದೆ. ನಿನ್ನ ಕೆಲಸ?

ತಂಗಿ


ಆಗಸ್ಟ್ ೧೫

ಮಗಳೇ,

ಅತ್ತೆಗೆ ನೀನೇ ಹೇಳಿಬಿಡು, ಕೆಲಸ ಹೋಯಿತು. ನಿರ್ದೇಶಕ ನಿನ್ನ ಪುಟವನ್ನು ಮೇಜಿನ ಮೇಲೆ ಹರಡಿಕೊಂಡು ನನ್ನನ್ನು ಬೈದ. ಬೈಗುಳದಲ್ಲಿ ದಮ್ಮಿರಲಿಲ್ಲ, ಹೊಟ್ಟೆಯಿಂದ ಬರಬೇಕು ಅಂತ ಹೇಳಿಕೊಡೋಣ ಅನ್ನಿಸಿತು, ಸುಮ್ಮನಾದೆ. ಉಳಿದ ಕಂತುಗಳಿಗೆ ಬೇರೆ ಕಂಠ. ಆ ಕಂತನ್ನು ಇನ್ನೊಮ್ಮೆ ಪ್ರಸಾರ ಮಾಡುತ್ತಾರಂತೆ, ನನ್ನ ಮಾತು ತೆಗೆದು.

"ಆಯ್ತು, ತೆಗೆಯೋಕೆ ಯಾವತ್ತು ಬರ್ಲಿ?" ಅಂದೆ.

"ನೀವ್ಯಾಕೆ ಬರ್ಬೇಕು?" ಅಂದ ನಿರ್ದೇಶಕ.

"ಒಂದು ಬಟನ್ ಒತ್ತಿದ್ರೆ ಹೋಯ್ತು ಸಾರ್," ಅಂದ ರೆಕಾರ್ಡಿಸ್ಟ್.

"ಬಟನ್ ಒತ್ತಿದ್ರೆ ಅಲ್ಲೊಂದು ತೂತು ಬೀಳುತ್ತಪ್ಪಾ. ಆ ಮುದುಕ ಸುಮ್ನಿದ್ದಾನೆ, ಸತ್ತಿಲ್ಲ. ಅವನ ಸುಮ್ಮನಿರೋದನ್ನ ನಾನು ಮಾಡ್ತೀನಿ," ಅಂದೆ.

ನನ್ನನ್ನು ಬೇಗ ಸಾಗಹಾಕಲು ಅದೇ ದಾರಿ ಅಂದುಕೊಂಡಿರಬೇಕು, ಒಪ್ಪಿದರು. ನಿನ್ನೆ ಹೋದೆ. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಅವಳು ನಿಂತಳು, ಇವನು ಕೂತ. ನನ್ನ ಕೈಗೂ ಒಂದು ಹಗ್ಗ ಬೇಕು ಅಂತ ಅನ್ನಿಸಿ, ಸದ್ದಾಗದಂತೆ ಚಪ್ಪಲಿ ಕಳಚಿಟ್ಟು, ಜುಬ್ಬದ ತುದಿಯನ್ನೇ ಹಿಡಿದು ಗಂಟು ಹಾಕಿದೆ, ಬಿಚ್ಚಿದೆ. ಮಗಳೇ, ಇಡೀ ಜೀವಮಾನದಲ್ಲಿ ಇಷ್ಟು ಕಷ್ಟದ ಪಾತ್ರ ಮಾಡಿಲ್ಲ. ಮಾತು ಗಂಟಲಿಗೆ ಬಂದು ಬಂದು ಬಾಗಿಲು ತಟ್ಟುತ್ತದೆ. ಮೊದಲ ಟೇಕ್‌ನಲ್ಲಿ ಕೆಮ್ಮಿಬಿಟ್ಟೆ. ಎರಡನೆಯದರಲ್ಲಿ ಅವಳು ಹೊರಟ ಮೇಲೂ ನಾನು ಹಾಗೇ ನಿಂತಿದ್ದೆ. ರೆಕಾರ್ಡಿಸ್ಟ್ ಗಾಜಿನ ಆಚೆಯಿಂದ ಏನೂ ಸನ್ನೆ ಮಾಡಲಿಲ್ಲ. ದೀಪವನ್ನೂ ಆರಿಸಲಿಲ್ಲ. ಸುಮಾರು ಹೊತ್ತಾದ ಮೇಲೆ, "ಸಾರ್, ಇದನ್ನ ಇಟ್ಕೊತೀನಿ" ಅಂದ.

ಮುಂದಿನ ಶನಿವಾರ ಬರುತ್ತದೆ. ನೋಡು. ನಾನೊಂದು ಮಾತೂ ಆಡುವುದಿಲ್ಲ, ಆದರೆ ಅಲ್ಲಿರುತ್ತೇನೆ. ಹೇಗಿತ್ತು ಅಂತ ಹೇಳಬೇಕು. ಅಪ್ಪ ಅಂತ ನೋಡಬೇಡ.

ಕೆಲಸವಿಲ್ಲದ ಕಂಠ,
ಅಪ್ಪ


ಆಗಸ್ಟ್ ೨೩

ಅಪ್ಪ,

ನೋಡಿದೆ. ಟಿವಿಗೆ ಕಿವಿ ಹಚ್ಚಿ ಕೂತಿದ್ದೆ. ಹುಡುಗಿ ಹೋದ ಮೇಲೆ ದೋಣಿಯವನು ಸುಮ್ಮನೆ ಕೂತಿದ್ದಷ್ಟು ಹೊತ್ತೂ ನಾನು ಅಲುಗಾಡಲಿಲ್ಲ. ಜಾಹೀರಾತು ಬಂದ ಮೇಲೂ ಕೂತೇ ಇದ್ದೆ.

ಇದನ್ನು ಪತ್ರಿಕೆಗೆ ಬರೆಯುವುದಿಲ್ಲ. ನಿನಗಷ್ಟೇ ಹೇಳುವುದು ತುಂಬಾ ಇದೆ, ಕಾಗದದಲ್ಲಿ ಆಗುವಂಥದ್ದಲ್ಲ. ಭಾನುವಾರ ಬೆಳಿಗ್ಗೆಯ ಗಾಡಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಂದು ದೂರದಿಂದ ನನ್ನನ್ನು ಕೂಗಬೇಡ, ನಾನೇ ಹುಡುಕಿಕೊಳ್ಳುತ್ತೇನೆ.

ವಿಮರ್ಶೆ ಕೇಳಿದ್ದೆಯಲ್ಲ. ನಿನ್ನ ಉಸಿರು ಸ್ವಲ್ಪ ಜೋರಾಯಿತು.

ಕಡ್ಡಿ